ಯೋಬನು ಬಾಯಿ ಮುಚ್ಚಿಕೊಂಡು ಸಹಿಸಲಿಲ್ಲ

ಪ್ರಶ್ನೆ: ನಮ್ಮದು ಗದಗ ಜಿಲ್ಲೆಯ ಒಂದು ಸಣ್ಣ ಊರು. ನಮ್ಮ ಯಜಮಾನರಿಗೆ ಎರಡೂ ಕಿಡ್ನಿ ಕೆಟ್ಟು ಎರಡು ವರ್ಷವಾಯಿತು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಅವರ ಗ್ಯಾರೇಜು ಮುಚ್ಚಿದೆ, ನಾನು ಹೊಲಿಗೆ ಮಾಡಿ ಮನೆ ನಡೆಸುತ್ತಿದ್ದೇನೆ, ಮಗಳು ಪಿಯುಸಿ ಓದುತ್ತಿದ್ದಾಳೆ. ಅಜ್ಜನ ಕಾಲದಿಂದಲೂ ಕ್ರೈಸ್ತ ಸಭೆಯಲ್ಲಿರುವವರು ನಾವು. ಪ್ರಾರ್ಥನಾ ಕೂಟದಲ್ಲಿ ಕೆಲವರು ‘ಬಚ್ಚಿಟ್ಟ ಪಾಪ ಇದ್ದರೆ ಅರಿಕೆ ಮಾಡಿಕೊಳ್ಳಿ’ ಎನ್ನುತ್ತಾರೆ. ಇನ್ನೊಬ್ಬರು ‘ಇದು ನಿಮ್ಮ ಮಾವನವರ ಕಾಲದ ಶಾಪ’ ಎಂದರು. ಒಂದು ದಿನ ತಡೆಯಲಾರದೆ ‘ದೇವರೇ, ನಿನಗೆ ನಮ್ಮ ಮನೆಯೇ ಕಂಡಿತೇ’ ಎಂದು ಅತ್ತುಬಿಟ್ಟೆ. ‘ಯೋಬನ ಹೆಂಡತಿಯ ಹಾಗೆ ಮಾತಾಡಬೇಡ, ಯೋಬನ ಹಾಗೆ ತಾಳಿಕೋ’ ಎಂದು ಗದರಿದರು. ಈಗ ಮನೆಮಂದಿಯೆಲ್ಲ 21 ದಿನ ದಾನಿಯೇಲನ ಉಪವಾಸ ಹಿಡಿಯಬೇಕು, ನಂಬಿಕೆ ಇದ್ದರೆ ಒಂದು ವಾರ ಡಯಾಲಿಸಿಸ್ ಬಿಟ್ಟು ನೋಡಬೇಕು, ಆಶೀರ್ವಾದ ಬೆಳೆದು ಬರಲೆಂದು ಮೊದಲೇ ಹಣ ಕೊಡುವ ಬೀಜದ ಕಾಣಿಕೆ ಕೊಡಬೇಕು ಎಂದು ಒತ್ತಾಯ. ಹೊಸ ವರ್ಷದ ಆರಾಧನೆಯಲ್ಲಿ ನಮಗೆ ಬಂದ ವಾಗ್ದಾನದ ಕಾರ್ಡು ಯೆರೆಮೀಯ 29:11, ನಿಮಗೆ ಕೇಡನ್ನಲ್ಲ ಹಿತವನ್ನೇ ಯೋಚಿಸಿದ್ದೇನೆ, ಮುಂದೆ ಒಳಿತಿದೆ ಎಂಬ ವಚನ. ಈಗ ಅದನ್ನು ಓದಿದರೆ ಸಿಟ್ಟು ಬರುತ್ತದೆ. ರಾತ್ರಿ ಪ್ರಾರ್ಥನೆಗೆ ಕೂತರೆ ಮಾತೇ ಹೊರಡುವುದಿಲ್ಲ. ಒಮ್ಮೊಮ್ಮೆ ಸಾಕಪ್ಪಾ ಈ ಜೀವ ಅನ್ನಿಸುತ್ತದೆ. ನನ್ನ ನಂಬಿಕೆ ಹೋಯಿತೇ?

ಉತ್ತರ: ಮೊದಲು ಡಯಾಲಿಸಿಸ್ ವಿಷಯ. ಉಳಿದದ್ದನ್ನೆಲ್ಲ ನಿಧಾನವಾಗಿ ಯೋಚಿಸಬಹುದು, ಇದನ್ನು ಆಗದು. ಒಂದು ಸರದಿಯನ್ನೂ ಬಿಡಬೇಡಿ. ಕಿಡ್ನಿ ನಿಂತ ದೇಹದಲ್ಲಿ ಎರಡು ಸರದಿಗಳ ನಡುವೆ ನೀರು ಮತ್ತು ಪೊಟ್ಯಾಸಿಯಂ ಸೇರುತ್ತಲೇ ಇರುತ್ತವೆ. ನೀರು ಶ್ವಾಸಕೋಶದಲ್ಲಿ ತುಂಬಿದರೆ ಉಸಿರು ಕಟ್ಟುತ್ತದೆ. ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತ ತಪ್ಪಿ, ಯಾವ ಮುನ್ಸೂಚನೆಯೂ ಇಲ್ಲದೆ ಪ್ರಾಣ ಹೋಗಬಹುದು. ದಾನಿಯೇಲನ ಉಪವಾಸ ಎಂದು ಈಗ ನಡೆಯುವುದರಲ್ಲಿ ಹಣ್ಣು, ಸೊಪ್ಪು, ಹಣ್ಣಿನ ರಸ, ಎಳನೀರು ಇವೇ ಮುಖ್ಯ. ಆರೋಗ್ಯವಂತರಿಗೆ ಅದು ಒಳ್ಳೆಯದೇ ಇರಬಹುದು, ಆದರೆ ಡಯಾಲಿಸಿಸ್‌ನಲ್ಲಿರುವವರಿಗೆ ಎಳನೀರು, ಬಾಳೆಹಣ್ಣು, ಕಿತ್ತಳೆ ರಸ ಇವೇ ಅಪಾಯ, ಏಕೆಂದರೆ ಪೊಟ್ಯಾಸಿಯಂ ಹೆಚ್ಚಿರುವುದು ಇವುಗಳಲ್ಲೇ. ನಿಮ್ಮ ಯಜಮಾನರ ಊಟದಲ್ಲಿ ಏನೇ ಬದಲಾವಣೆ ಮಾಡುವುದಿದ್ದರೂ ಡಯಾಲಿಸಿಸ್ ಘಟಕದ ಡಾಕ್ಟರನ್ನು ಕೇಳದೆ ಮಾಡಬೇಡಿ.

ಆ ಉಪವಾಸ ಬಂದದ್ದೆಲ್ಲಿಂದ ಎಂಬುದನ್ನೂ ತಿಳಿದುಕೊಂಡರೆ ಒತ್ತಾಯಕ್ಕೆ ಉತ್ತರ ಕೊಡುವುದು ಸುಲಭ. ಸತ್ಯವೇದದ ದಾನಿಯೇಲ ಪುಸ್ತಕದ 1ನೆಯ ಅಧ್ಯಾಯದಲ್ಲಿ ನಾಲ್ವರು ಯುವಕರು ಹತ್ತು ದಿನ ಕಾಯಿಪಲ್ಯ, ನೀರು ಸೇವಿಸುತ್ತಾರೆ. ಅರಸನ ಊಟದಿಂದ ಅಶುದ್ಧರಾಗಬಾರದು ಎಂಬುದಷ್ಟೇ ಅದರ ಕಾರಣ. 10ನೆಯ ಅಧ್ಯಾಯದಲ್ಲಿ ದಾನಿಯೇಲನೊಬ್ಬನೇ ಮೂರು ವಾರ ರುಚಿಪದಾರ್ಥ, ಮಾಂಸ, ದ್ರಾಕ್ಷಾರಸ ಬಿಟ್ಟು ದುಃಖಿಸುತ್ತಾನೆ. ಈಗಿನವರು ಎರಡನ್ನೂ ಕಲಸಿ ಒಂದು ಪಥ್ಯ ಮಾಡಿಕೊಂಡಿದ್ದಾರೆ. ಎರಡರಲ್ಲಿ ಯಾವುದೂ ರೋಗ ವಾಸಿಯಾಗಲೆಂದು ಹಿಡಿದ ಉಪವಾಸವಲ್ಲ, ರೋಗಿಯ ಮೇಲೆ ಹೇರಿದ್ದೂ ಅಲ್ಲ.

‘ಡಾಕ್ಟರನ್ನು ನಂಬುವುದು ಅವಿಶ್ವಾಸ’ ಎನ್ನುವವರು ಸಾಮಾನ್ಯವಾಗಿ ಅರಸನಾದ ಆಸನ ಕಥೆ ತೆಗೆಯುತ್ತಾರೆ. ಕಾಲುಬೇನೆ ಬಂದಾಗ ಅವನು ಯೆಹೋವನನ್ನು ಬಿಟ್ಟು ವೈದ್ಯರನ್ನೇ ಆಶ್ರಯಿಸಿದನು ಎಂದು ಎರಡನೆಯ ಪೂರ್ವಕಾಲವೃತ್ತಾಂತ 16:12 ಹೇಳುತ್ತದೆ, ನಿಜ. ಆದರೆ ಅದೇ ಅಧ್ಯಾಯವನ್ನು ಮೊದಲಿನಿಂದ ಓದಬೇಕು. ಆಸನು ದೇವಾಲಯದ ಬೆಳ್ಳಿಬಂಗಾರ ತೆಗೆದು ಅರಾಮಿನ ಅರಸನಿಗೆ ಕೊಟ್ಟು ಸಹಾಯ ಕೊಂಡುಕೊಂಡ. ತಪ್ಪು ತೋರಿಸಿದ ದರ್ಶಿಯನ್ನು, ಅಂದರೆ ಪ್ರವಾದಿಯನ್ನು, ಸೆರೆಗೆ ಹಾಕಿದ. ದೇವರನ್ನು ಪೂರ್ತಿ ಕೈಬಿಟ್ಟವನ ಕಥೆ ಅದು. ದೂರು ಇರುವುದು ಆ ಕೈಬಿಟ್ಟದ್ದರ ಮೇಲೆ. ಎದುರಿಗೆ ಇನ್ನೊಬ್ಬ ಅರಸ ಹಿಜ್ಕೀಯನ ಕಥೆ ಇಡಿ, ಎರಡನೆಯ ಅರಸುಗಳು 20ನೆಯ ಅಧ್ಯಾಯ. ಸಾಯುವ ಹಾಗಿದ್ದ ಹಿಜ್ಕೀಯನು ಅತ್ತು ಪ್ರಾರ್ಥಿಸುತ್ತಾನೆ. ಇನ್ನೂ 15 ವರ್ಷ ಬದುಕುವೆ ಎಂಬ ವಾಗ್ದಾನವನ್ನು ಯೆಶಾಯನು ತರುತ್ತಾನೆ. ಅದರ ಮರುವಚನದಲ್ಲೇ ಅದೇ ಯೆಶಾಯನು ಅಂಜೂರದ ಹಣ್ಣಿನ ಉಂಡೆ ತರಿಸಿ ಹುಣ್ಣಿಗೆ ಕಟ್ಟಿಸುತ್ತಾನೆ. ವಾಗ್ದಾನ ಬಂದ ಮೇಲೂ ಮದ್ದು ಬೇಡವಾಗಲಿಲ್ಲ, ಅದನ್ನು ಹೇಳಿದವನೂ ಪ್ರವಾದಿಯೇ.

ಇನ್ನು ನಿಮ್ಮನ್ನು ಕೊರೆಯುತ್ತಿರುವ ಮುಖ್ಯ ಪ್ರಶ್ನೆ. ದೇವರನ್ನು ಹಾಗೆ ಕೇಳಿದ್ದರಿಂದ ನೀವು ದೇವರನ್ನು ಬಿಟ್ಟ ಹಾಗಾಯಿತೇ?

ಯೋಬನು ತಪ್ಪಿಲ್ಲದೆಯೇ ಆಸ್ತಿ, ಮಕ್ಕಳು, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಭಕ್ತ. ‘ಯೋಬನ ತಾಳ್ಮೆ’ ಎಂಬ ಮಾತು ನಮಗೆ ಬಂದಿರುವುದು ಹೊಸ ಒಡಂಬಡಿಕೆಯ ಯಾಕೋಬನ ಪತ್ರಿಕೆಯಿಂದ. ಯೋಬನ ಪುಸ್ತಕದಲ್ಲೇ ಹುಡುಕಿದರೆ, ಸದ್ದಿಲ್ಲದೆ ತಾಳಿಕೊಂಡ ಯೋಬ ಸಿಗುವುದು ಮೊದಲ ಎರಡು ಅಧ್ಯಾಯಗಳಲ್ಲಿ. ‘ಯೆಹೋವನೇ ಕೊಟ್ಟನು, ಯೆಹೋವನೇ ತೆಗೆದುಕೊಂಡನು’ ಎಂಬ ಮಾತು ಅಲ್ಲಿದೆ. ಪುಸ್ತಕದಲ್ಲಿರುವುದು ಒಟ್ಟು 42 ಅಧ್ಯಾಯ. ಪ್ರಸಂಗಗಳು ಹೆಚ್ಚಾಗಿ 2ರಿಂದ ನೇರ 42ಕ್ಕೆ ಹಾರುತ್ತವೆ. ನಡುವಿನ ಆ ದೊಡ್ಡ ಭಾಗವನ್ನು ಓದಿದವರು ಯೋಬನ ಹೆಸರು ಹೇಳಿ ನಿಮ್ಮ ಬಾಯಿ ಮುಚ್ಚಿಸಲಾರರು.

3ನೆಯ ಅಧ್ಯಾಯದಲ್ಲಿ ಅವನು ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. 7ರಲ್ಲಿ ‘ನಾನು ಬಾಯಿ ಬಿಗಿಹಿಡಿಯಲಾರೆ’ ಎಂದು ದೇವರಿಗೇ ಹೇಳಿ, ಉಗುಳು ನುಂಗುವಷ್ಟು ಹೊತ್ತಾದರೂ ನನ್ನನ್ನು ಬಿಡಬಾರದೇ ಎಂದು ಕೇಳುತ್ತಾನೆ. 9ರಲ್ಲಿ ದೇವರು ನಿರ್ದೋಷಿಯನ್ನೂ ದುಷ್ಟನನ್ನೂ ಒಂದೇ ಸಮ ನಾಶಮಾಡುತ್ತಾನೆ ಎನ್ನುತ್ತಾನೆ. 16ರಲ್ಲಿ ದೇವರು ತನ್ನ ಕುತ್ತಿಗೆ ಹಿಡಿದು ಅಪ್ಪಳಿಸಿದನೆಂದೂ ತನ್ನನ್ನು ಬಾಣಕ್ಕೆ ಗುರಿ ಮಾಡಿದನೆಂದೂ ದೂರುತ್ತಾನೆ. 31ರ ಕೊನೆಗೆ, ಇಗೋ ನನ್ನ ರುಜು, ಸರ್ವಶಕ್ತನು ನನಗೆ ಉತ್ತರ ಕೊಡಲಿ ಎಂದು ಸವಾಲು ಹಾಕುತ್ತಾನೆ. ನಿಮ್ಮ ಬಾಯಿಂದ ಬಂದ ಮಾತು ಇದರ ಮುಂದೆ ಬಹಳ ಮೆತ್ತಗಿನದು.

ದೇವರು ಇದಕ್ಕೆ ಏನೆಂದರು? ಅದನ್ನು ಪ್ರಾಮಾಣಿಕವಾಗಿ ಪೂರ್ತಿ ಹೇಳಬೇಕು. 38ನೆಯ ಅಧ್ಯಾಯದಿಂದ ಬಿರುಗಾಳಿಯೊಳಗಿಂದ ಬರುವ ಉತ್ತರ ಯೋಬನಿಗೂ ಸಿಹಿಯಾಗಿಲ್ಲ. ತಿಳಿಯದ ವಿಷಯ ಮಾತಾಡುತ್ತಿದ್ದೀ, ನಿನ್ನನ್ನು ನೀತಿವಂತನೆಂದು ತೋರಿಸಲು ನನ್ನನ್ನು ಅಪರಾಧಿ ಮಾಡುತ್ತೀಯಾ ಎಂದು ದೇವರು ಕೇಳುತ್ತಾರೆ. ಯೋಬನು ಬಾಯಿಯ ಮೇಲೆ ಕೈ ಇಟ್ಟುಕೊಳ್ಳುತ್ತಾನೆ. ಆದರೆ ಆ ನಾಲ್ಕು ಅಧ್ಯಾಯಗಳಲ್ಲಿ ದೇವರು ಯೋಬನ ಹಳೆಯ ಪಾಪ ಒಂದನ್ನೂ ಎತ್ತಿ ತೋರಿಸುವುದಿಲ್ಲ. ಕಷ್ಟಕ್ಕೆ ಕಾರಣವನ್ನೂ ಹೇಳುವುದಿಲ್ಲ. ಮೊದಲ ಎರಡು ಅಧ್ಯಾಯಗಳಲ್ಲಿ ಪರಲೋಕದಲ್ಲಿ ದೇವರಿಗೂ ಸೈತಾನನಿಗೂ ನಡೆದ ಮಾತುಕತೆ ಓದುಗರಿಗೆ ಗೊತ್ತು, ಯೋಬನಿಗೆ ಕೊನೆಯವರೆಗೂ ಗೊತ್ತಾಗುವುದಿಲ್ಲ. ಆಮೇಲೆ 42:7ರಲ್ಲಿ, ಸಂತೈಸಲು ಬಂದು ಯೋಬನದೇ ತಪ್ಪು ಎಂದು ವಾದಿಸಿದ ಮೂವರು ಗೆಳೆಯರ ಮೇಲೆ ತೀರ್ಪು ಬರುತ್ತದೆ. ಎಲೀಫಜನೇ, ನಿನ್ನ ಮೇಲೂ ನಿನ್ನ ಇಬ್ಬರು ಗೆಳೆಯರ ಮೇಲೂ ನನಗೆ ಕೋಪ ಬಂದಿದೆ, ನನ್ನ ಸೇವಕನಾದ ಯೋಬನ ಹಾಗೆ ನೀವು ನನ್ನ ವಿಷಯದಲ್ಲಿ ಸರಿಯಾದದ್ದನ್ನು ಆಡಲಿಲ್ಲ, ಎಂದು. ದೇವರ ಪರ ವಾದಿಸಿದವರು ಏಳು ಹೋರಿ, ಏಳು ಟಗರು ತಂದು ಹೋಮ ಮಾಡಿಸಬೇಕಾಯಿತು, ಅವರಿಗಾಗಿ ಯೋಬನೇ ಪ್ರಾರ್ಥಿಸಬೇಕಾಯಿತು.

ಅಷ್ಟು ಖಾರವಾಗಿ ಮಾತಾಡಿದವನ ಮಾತು ಸರಿ, ಭಕ್ತಿಯಿಂದ ಮಾತಾಡಿದವರದ್ದು ತಪ್ಪು ಆದದ್ದು ಹೇಗೆ? ಪೆನ್ಸಿಲ್ ಹಿಡಿದು ಓದಿದರೆ ಒಂದು ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಎಲೀಫಜ, ಬಿಲ್ದದ, ಚೋಫರ ಮೂವರೂ ದೇವರ ಬಗ್ಗೆ ಪುಟಗಟ್ಟಲೆ ಮಾತಾಡುತ್ತಾರೆ, ದೇವರೊಡನೆ ಒಂದು ವಾಕ್ಯವನ್ನೂ ಆಡುವುದಿಲ್ಲ. ಗೆಳೆಯ ಬೂದಿಯಲ್ಲಿ ಕೂತಿದ್ದರೂ ಅವನಿಗಾಗಿ ಒಂದು ಪ್ರಾರ್ಥನೆ ಅವರ ಬಾಯಿಂದ ಹೊರಡುವುದಿಲ್ಲ. ಯೋಬನಾದರೋ ಗೆಳೆಯರಿಗೆ ಉತ್ತರ ಕೊಡುತ್ತ ಕೊಡುತ್ತ ನಡುವೆಯೇ ದೇವರ ಕಡೆ ತಿರುಗಿಬಿಡುತ್ತಾನೆ. 7ರಲ್ಲಿ, 10ರಲ್ಲಿ, 13ರ ಕೊನೆಯಲ್ಲಿ, 30ರಲ್ಲಿ ಹೀಗೆ ತಿರುಗುವುದನ್ನು ಗುರುತು ಹಾಕಿಕೊಳ್ಳಿ. ಕೂಗಿದರೂ ಜಗಳವಾಡಿದರೂ ಅವನು ಮುಖ ತಿರುಗಿಸಿಕೊಳ್ಳಲಿಲ್ಲ. ಹಿಬ್ರೂ ಧರ್ಮಗ್ರಂಥದಲ್ಲಿ ಕಷ್ಟಕಾಲದ ನಿಷ್ಠೆ ಕಾಣುವುದು ಹೀಗೆಯೇ. ನೀವೂ ಅಳುವಾಗ ‘ದೇವರೇ, ನಿನಗೆ’ ಎಂದು ಕರೆದೇ ಅತ್ತಿರಿ. ನನ್ನ ತಿಳಿವಳಿಕೆಯಲ್ಲಿ ಅದು ನಂಬಿಕೆ ಹೋದವರ ಮಾತಲ್ಲ.

ಯೋಬನ ಹೆಂಡತಿಯನ್ನು ಬೈಗುಳವಾಗಿ ಬಳಸುವುದು ನನಗೆ ಬಹಳ ನೋವು ಕೊಡುವ ಅಭ್ಯಾಸ. ಹತ್ತು ಮಕ್ಕಳನ್ನು ಒಂದೇ ದಿನ ಕಳೆದುಕೊಂಡವಳು ಅವಳೂ ಹೌದು. ಆಸ್ತಿ ಹೋದದ್ದು ಅವಳದ್ದೂ ಹೌದು, ಹುಣ್ಣು ಹಿಡಿದ ಗಂಡನನ್ನು ಕಣ್ಣೆದುರು ನೋಡುತ್ತಿದ್ದವಳೂ ಅವಳೇ. ಇಡೀ ಪುಸ್ತಕದಲ್ಲಿ ಅವಳಿಗೆ ಸಿಕ್ಕಿರುವುದು ಒಂದು ವಚನದಷ್ಟು ಮಾತು. ದೇವರನ್ನು ದೂಷಿಸಿ ಸಾಯಿ ಎಂಬ ಆ ಮಾತನ್ನು ಯೋಬನು ಒಪ್ಪಲಿಲ್ಲ, ಮೂರ್ಖಳ ಹಾಗೆ ಮಾತಾಡುತ್ತೀ ಎಂದ, ಅಲ್ಲಿಗೆ ಮುಗಿಯಿತು. 42:7ರಲ್ಲಿ ದೇವರ ಕೋಪಕ್ಕೆ ಗುರಿಯಾದವರ ಪಟ್ಟಿಯಲ್ಲಿ ಅವಳಿಲ್ಲ. ಗದರಿಸಿಕೊಂಡವರು ಉಪದೇಶ ಮಾಡಲು ಬಂದವರು.

ಈಗ ‘ಬಚ್ಚಿಟ್ಟ ಪಾಪ’ಕ್ಕೆ ಬರೋಣ. ಇದು ಹೊಸದೇನಲ್ಲ, ಚೋಫರನ ವಾದವೇ. ನಿನ್ನ ಅಪರಾಧಕ್ಕೆ ತಕ್ಕಷ್ಟನ್ನೂ ದೇವರು ನಿನಗೆ ಕೊಟ್ಟಿಲ್ಲ ಎಂದು ಅವನು 11:6ರಲ್ಲಿ ಹೇಳುತ್ತಾನೆ. ಬಿಲ್ದದನು ಇನ್ನೂ ಮುಂದೆ ಹೋಗಿ, ನಿನ್ನ ಮಕ್ಕಳು ಪಾಪ ಮಾಡಿದ್ದಕ್ಕೆ ಸತ್ತರು ಎಂದು ತಂದೆಯ ಮುಖಕ್ಕೇ ಹೇಳುತ್ತಾನೆ. ಎಲೀಫಜನ ದಾರಿಯನ್ನು ಗಮನಿಸಿ: 4ನೆಯ ಅಧ್ಯಾಯದಲ್ಲಿ ಅವನ ಮಾತು ಮೃದು, ನಿನ್ನ ಭಕ್ತಿಯೇ ನಿನಗೆ ಭರವಸೆಯಲ್ಲವೇ ಎನ್ನುತ್ತಾನೆ. 22ಕ್ಕೆ ಬರುವ ಹೊತ್ತಿಗೆ, ನೀನು ಬಡವರ ಬಟ್ಟೆ ಕಿತ್ತುಕೊಂಡೆ, ದಣಿದವನಿಗೆ ನೀರು ಕೊಡಲಿಲ್ಲ, ವಿಧವೆಯರನ್ನು ಬರಿಗೈಲಿ ಕಳಿಸಿದೆ ಎಂದು ನಡೆಯದ ಪಾಪಗಳನ್ನು ಕಟ್ಟಿ ಹೇಳುತ್ತಾನೆ. ಎದುರಿಗಿರುವ ಮನುಷ್ಯ ತನ್ನ ಸಿದ್ಧಾಂತಕ್ಕೆ ಹೊಂದಲಿಲ್ಲ. ಸಿದ್ಧಾಂತ ಬಿಡಲು ಮನಸ್ಸಿಲ್ಲ. ಹಾಗಾಗಿ ಮನುಷ್ಯನನ್ನೇ ಪಾಪಿ ಮಾಡಿದ. ಒಳ್ಳೆಯ ಮನಸ್ಸಿನಿಂದ ಬಂದ ಸಲಹೆಗಾರರೂ ಜಾರುವುದು ಇಲ್ಲೇ. ಯೋಬನ ವಿಷಯದಲ್ಲಿ ದೇವರ ಮಾತು 2:3ರಲ್ಲೇ ಇದೆ: ನಿಷ್ಕಾರಣವಾಗಿ ಎಂದು.

ಆ ಸಿದ್ಧಾಂತ ಗೆಳೆಯರು ಹುಟ್ಟಿಸಿದ್ದಲ್ಲ ಎಂಬುದನ್ನೂ ಒಪ್ಪಬೇಕು. ವಿಧೇಯರಾದರೆ ಆಶೀರ್ವಾದ, ಅವಿಧೇಯರಾದರೆ ಶಾಪ ಎಂದು ಧರ್ಮೋಪದೇಶಕಾಂಡ 28 ಹೇಳುತ್ತದೆ. ಅದು ಇಸ್ರಾಯೇಲ್ ಜನಾಂಗದೊಡನೆ ದೇವರು ಮಾಡಿಕೊಂಡ ಒಡಂಬಡಿಕೆಯ ಮಾತು. ಜ್ಞಾನೋಕ್ತಿಗಳಲ್ಲೂ ಅದೇ ಧಾಟಿ ಇದೆ. ತಪ್ಪಾಗುವುದು ಅದನ್ನು ತಿರುಗಿಸಿ ಒಬ್ಬ ರೋಗಿಯ ಮೇಲೆ ಇಟ್ಟಾಗ. ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ; ಅಂಗಳ ಒದ್ದೆಯಾಗಿದ್ದರೆ ಮಳೆಯೇ ಬಂದಿರಬೇಕು ಎನ್ನಲಾಗದು.

ಹಾಗಾದರೆ ನಮ್ಮ ತಪ್ಪಿನಿಂದ ಕಷ್ಟ ಬರುವುದೇ ಇಲ್ಲವೇ? ಬರುತ್ತದೆ. ಅಂಥ ಕಡೆ ಸತ್ಯವೇದ ಹೇಗೆ ಮಾತಾಡುತ್ತದೆ ನೋಡಿ. ಪ್ರವಾದಿ ನಾತಾನನು ಅರಸ ದಾವೀದನ ಬಳಿ ಬಂದಾಗ ‘ಏನೋ ಬಚ್ಚಿಟ್ಟ ಪಾಪ ಇರಬೇಕು’ ಎನ್ನಲಿಲ್ಲ. ಊರೀಯನನ್ನು ಅಮ್ಮೋನಿಯರ ಕತ್ತಿಯಿಂದ ಕೊಲ್ಲಿಸಿದೆ, ಅವನ ಹೆಂಡತಿಯನ್ನು ತೆಗೆದುಕೊಂಡೆ ಎಂದು ಹೆಸರು ಹೇಳಿ, ಕೆಲಸ ಹೇಳಿ ತೋರಿಸಿದ. ನಿಮಗೂ ಯಾರಾದರೂ ಪಾಪದ ಮಾತು ತೆಗೆದರೆ, ಯಾವುದು, ಯಾರಿಗೆ ಏನು ಮಾಡಿದ್ದು ಎಂದು ಕೇಳಿ. ಸ್ಪಷ್ಟವಾದ ತಪ್ಪು ನೆನಪಿಗೆ ಬಂದರೆ ಸರಿಪಡಿಸಿಕೊಳ್ಳಿ, ಕಿಡ್ನಿ ಇರಲಿ ಬಿಡಲಿ ಅದು ಮಾಡಬೇಕಾದದ್ದೇ. ಹೆಸರಿಲ್ಲದ ಪಾಪವನ್ನು ಹುಡುಕುತ್ತ ರಾತ್ರಿ ನಿದ್ದೆಗೆಡಬೇಡಿ, ಆ ಹುಡುಕಾಟಕ್ಕೆ ಕೊನೆಯಿಲ್ಲ.

ಮಾವನವರ ಶಾಪದ ಮಾತಿಗೆ ಯೆಹೆಜ್ಕೇಲ 18 ಸಾಕು. ಬಾಬಿಲೋನಿಗೆ ಸೆರೆಹೋದವರು ಇದನ್ನೇ ಹೇಳಿಕೊಂಡು ಕೂತಿದ್ದರು: ತಂದೆಗಳು ಹುಳಿದ್ರಾಕ್ಷಿ ತಿಂದರು, ಮಕ್ಕಳ ಹಲ್ಲು ಚಳಿತುಹೋಯಿತು ಎಂದು. ಇನ್ನು ಮುಂದೆ ಆ ಗಾದೆ ಎತ್ತಬೇಡಿ, ಮಗನು ತಂದೆಯ ದೋಷ ಹೊರುವುದಿಲ್ಲ ಎಂದು ದೇವರು ಪ್ರವಾದಿಯ ಬಾಯಿಂದ ಹೇಳಿಸಿದರು. ಮೂರು ನಾಲ್ಕು ತಲೆಮಾರಿನ ಮಾತು ದಶಾಜ್ಞೆಯಲ್ಲಿ ಇದೆಯಲ್ಲ ಎಂದರೆ, ಅದೇ ವಾಕ್ಯದಲ್ಲಿ ‘ನನ್ನನ್ನು ದ್ವೇಷಿಸುವವರ’ ಎಂದಿದೆ, ಅದರ ಮುಂದೆಯೇ ಸಾವಿರ ತಲೆಮಾರಿನ ದಯೆಯ ಮಾತೂ ಇದೆ.

ಯೆರೆಮೀಯ 29:11ರ ಮೇಲೆ ನಿಮಗೆ ಸಿಟ್ಟು ಬಂದಿರುವುದು ಕಾರ್ಡಿನಲ್ಲಿ ಆ ಒಂದು ವಚನ ಮಾತ್ರ ಇರುವುದರಿಂದ. ಅದು ಒಂದು ಪತ್ರದ ಸಾಲು, ಪತ್ರ ಪೂರ್ತಿ ಓದಿದರೆ ಅದರ ತೂಕವೇ ಬೇರೆ. ಕ್ರಿ.ಪೂ. 597ರಲ್ಲಿ ಬಾಬಿಲೋನಿನ ಅರಸ ನೆಬೂಕದ್ನೆಚ್ಚರನು ಯೆಹೂದದ ಅರಸ ಯೆಹೋಯಾಖೀನನನ್ನೂ ಅಧಿಕಾರಿಗಳನ್ನೂ ಕಮ್ಮಾರರೇ ಮೊದಲಾದ ಕೆಲಸಗಾರರನ್ನೂ ಬಾಬಿಲೋನಿಗೆ ಒಯ್ದ. ಹನನ್ಯ ಎಂಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲರೂ ಮರಳುತ್ತಾರೆ ಎಂದು ದೇವಾಲಯದಲ್ಲಿ ಘೋಷಿಸಿದ, ಯೆರೆಮೀಯನು ಹೊತ್ತುಕೊಂಡಿದ್ದ ಮರದ ನೊಗವನ್ನೂ ಮುರಿದುಹಾಕಿದ. ಕೇಳಿದವರಿಗೆ ಎಷ್ಟು ಹಿತವಾಗಿರಬೇಕು! ಅದು ಸುಳ್ಳಾಯಿತು. ಯೆರೆಮೀಯನ ಪತ್ರ ಹೇಳಿದ್ದು ಬೇರೆ: ಅಲ್ಲೇ ಮನೆ ಕಟ್ಟಿರಿ, ತೋಟ ಮಾಡಿ ಫಲ ತಿನ್ನಿರಿ, ಮಕ್ಕಳಿಗೆ ಮದುವೆ ಮಾಡಿರಿ, ನಿಮ್ಮನ್ನು ಸೆರೆ ಒಯ್ದ ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ, 70 ವರ್ಷ ಆಗಲಿದೆ. ಆಮೇಲೆ 11ನೆಯ ವಚನ ಬರುತ್ತದೆ. ಬಾಬಿಲೋನ್ ಪಾರಸಿಯ ಅರಸ ಕೋರೆಷನ ಕೈಗೆ ಬಿದ್ದದ್ದು ಕ್ರಿ.ಪೂ. 539ರಲ್ಲಿ. ಪತ್ರ ಕೇಳಿದ ವಯಸ್ಕರಲ್ಲಿ ಬಹುಪಾಲು ಜನ ಆ ಹೊತ್ತಿಗೆ ಬಾಬಿಲೋನಿನಲ್ಲೇ ಮಣ್ಣಾಗಿದ್ದರು.

ಅಂದಮೇಲೆ ಆ ವಚನ ನಿಮ್ಮ ಯಜಮಾನರ ಕಿಡ್ನಿ ಈ ವರ್ಷ ಸರಿಹೋಗುತ್ತದೆ ಎಂಬ ಭರವಸೆಯಲ್ಲ. ಯಾರಾದರೂ ಹಾಗೆ ಹೇಳಿದರೆ ಹನನ್ಯನ ಕಡೆ ವಾಲುತ್ತಿದ್ದಾರೆ. ಹಾಗೆಂದು ಅದು ನಿಮಗೆ ಸಂಬಂಧವಿಲ್ಲದ್ದೂ ಅಲ್ಲ. ದೀರ್ಘಕಾಲ ತೆಗೆದುಕೊಳ್ಳುವ ಕಷ್ಟದ ಒಳಗೇ ಬದುಕು ಕಟ್ಟಿಕೊಳ್ಳಿ, ದೇವರು ಅಲ್ಲೂ ಇದ್ದಾರೆ ಎಂದು ಆ ಪತ್ರ ಹೇಳುತ್ತದೆ. ನಿಮ್ಮ ಮಟ್ಟಿಗೆ ಮಗಳ ಫೀಸು ಕಟ್ಟುವುದು, ಹೊಲಿಗೆಯ ಗಿರಾಕಿ ಉಳಿಸಿಕೊಳ್ಳುವುದು, ಕಸಿ ಮಾಡಿಸುವ ಸಾಧ್ಯತೆ ಇದೆಯೇ ಎಂದು ಡಾಕ್ಟರನ್ನು ವಿಚಾರಿಸುವುದು, ಇವೆಲ್ಲ ಆ ಪತ್ರಕ್ಕೆ ವಿಧೇಯರಾಗುವ ಕೆಲಸಗಳೇ.

ಇದೇ ಯೆರೆಮೀಯನ 32ನೆಯ ಅಧ್ಯಾಯವನ್ನು ತಪ್ಪದೆ ಓದಿ. ಬಾಬಿಲೋನಿನ ಸೈನ್ಯ ಯೆರೂಸಲೇಮನ್ನು ಮುತ್ತಿದೆ, ಯೆರೆಮೀಯ ಕಾವಲಿನವರ ಅಂಗಳದಲ್ಲಿ ಸೆರೆಯಾಳು. ಚಿಕ್ಕಪ್ಪನ ಮಗ ಹನಮೇಲ ಬಂದು ಅನಾತೋತಿನ ಹೊಲ ಕೊಂಡುಕೋ ಎನ್ನುತ್ತಾನೆ. ಯೆರೆಮೀಯ 17 ಶೆಕೆಲ್ ಬೆಳ್ಳಿ ತೂಗಿಕೊಟ್ಟು, ಸಾಕ್ಷಿಗಳಿಂದ ರುಜು ಹಾಕಿಸಿ, ಮುದ್ರೆ ಹಾಕಿದ ಪತ್ರ ಒಂದು, ತೆರೆದ ಪ್ರತಿ ಒಂದು, ಎರಡನ್ನೂ ಬಹುಕಾಲ ಉಳಿಯುವಂತೆ ಮಣ್ಣಿನ ಪಾತ್ರೆಯಲ್ಲಿ ಇಡು ಎಂದು ತನ್ನ ಬರಹಗಾರ ಬಾರೂಕನಿಗೆ ಹೇಳುತ್ತಾನೆ. ಕ್ರಯಪತ್ರದ ಕ್ರಮವೆಲ್ಲ ಚಾಚೂ ತಪ್ಪದೆ ನಡೆಯುತ್ತದೆ. ಅದಾದ ಮೇಲೆ ಪ್ರಾರ್ಥನೆಗೆ ನಿಂತು, ಊರು ಶತ್ರುವಿನ ಕೈ ಸೇರುತ್ತಿದೆ, ಆದರೂ ಹೊಲ ಕೊಂಡುಕೋ ಎಂದೆಯಲ್ಲ ಎಂದು ದೇವರನ್ನು ಕೇಳುತ್ತಾನೆ. ಮಾಡಬೇಕಾದದ್ದನ್ನು ಮಾಡಿದ, ಅರ್ಥವಾಗದ್ದನ್ನು ಕೇಳಿದ.

ರಾತ್ರಿ ಮಾತು ಹೊರಡುವುದಿಲ್ಲ ಎಂದಿರಿ. ಅದಕ್ಕೆ ಕೀರ್ತನೆಗಳ ಪುಸ್ತಕದಲ್ಲೇ ಸಿದ್ಧವಾದ ಅಚ್ಚು ಇದೆ. 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಅಳಲಿನವು. 13ನೆಯದರಿಂದ ಶುರುಮಾಡಿ, ಆರೇ ವಚನ. ಮೊದಲ ಎರಡು ವಚನಗಳಲ್ಲಿ ‘ಎಷ್ಟರವರೆಗೆ’ ಎಂಬ ಕೇಳಿಕೆ ನಾಲ್ಕು ಸಲ ಬರುತ್ತದೆ: ದೂರು. ಮುಂದಿನ ಎರಡರಲ್ಲಿ ಕಣ್ಣಿಗೆ ಬೆಳಕು ಕೊಡು, ಇಲ್ಲದಿದ್ದರೆ ಸಾಯುತ್ತೇನೆ: ಬೇಡಿಕೆ, ಅದರ ಕಾರಣ. ಕೊನೆಯ ಎರಡರಲ್ಲಿ ನಿನ್ನ ಕೃಪೆಯಲ್ಲಿ ಭರವಸವಿಟ್ಟಿದ್ದೇನೆ, ಹಾಡುತ್ತೇನೆ. ಇದೇ ಕ್ರಮದಲ್ಲಿ ನಿಮ್ಮದನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ‘ಕರ್ತನೇ, ಇನ್ನೆಷ್ಟು ದಿನ? ಡಯಾಲಿಸಿಸ್ ಸೂಜಿ ಚುಚ್ಚುವ ಅವರ ಕೈಯ ಫಿಸ್ಟುಲಾ ಊದಿದೆ. ಎರಡು ವರ್ಷದಿಂದ ಕೇಳುತ್ತಿದ್ದೇನೆ, ನೀನು ಸುಮ್ಮನಿದ್ದೀ. ಶುಕ್ರವಾರ ಬಸ್ಸಿಗೆ ದುಡ್ಡಿಲ್ಲ, ಎರಡು ಬ್ಲೌಸಿನ ಕೂಲಿ ಬರುವ ಹಾಗೆ ಮಾಡು. ಮಗಳು ಪುಸ್ತಕ ಮುಚ್ಚಿಡುತ್ತಿದ್ದಾಳೆ, ಅವಳನ್ನು ಹಿಡಿದುಕೋ.’ ಇಷ್ಟು ಸಾಕು.

ಹೀಗೆ ಬರೆಯುವಾಗ ಕೆಡುವುದು ಎರಡು ಕಡೆ. ದೂರನ್ನು ಅರ್ಧಕ್ಕೇ ನಿಲ್ಲಿಸಿ ‘ಆದರೂ ಸ್ತೋತ್ರ’ ಎಂದು ಹಾರಿದರೆ ಒಳಗಿನದು ಒಳಗೇ ಉಳಿಯುತ್ತದೆ. ಬರೀ ದೂರಿನಲ್ಲೇ ಸುತ್ತಿ ಏನನ್ನೂ ಬೇಡದಿದ್ದರೆ ಮನಸ್ಸು ಇನ್ನಷ್ಟು ಕುಸಿಯುತ್ತದೆ. ಆದ್ದರಿಂದ ಬೇಡಿಕೆ ಚಿಕ್ಕದಾಗಿ, ದಿನದ ಅಗತ್ಯದ್ದಾಗಿ ಇರಲಿ. ಕೊನೆಯ ಭರವಸೆಯ ಸಾಲು ಬಾರದಿದ್ದ ದಿನ ಬಲವಂತವಾಗಿ ಬರೆಯಬೇಡಿ. 88ನೆಯ ಕೀರ್ತನೆಯಲ್ಲಿ ಆ ತಿರುವೇ ಇಲ್ಲ, ಅದು ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಆದರೂ ಅದನ್ನು ಹೇಳಿದವನು ಹಗಲಿರುಳು ಮೊರೆಯಿಟ್ಟಿದ್ದಾನೆ, ಬೆಳಗಾದರೆ ಮತ್ತೆ ಬಂದಿದ್ದಾನೆ. ಅದನ್ನೂ ಪ್ರಾರ್ಥನೆ ಎಂದೇ ಆ ಪುಸ್ತಕದಲ್ಲಿ ಸೇರಿಸಿಕೊಂಡಿದ್ದಾರೆ. ಬರೆಯುವ ಶಕ್ತಿಯೂ ಇಲ್ಲದ ರಾತ್ರಿ ಅದನ್ನೇ ಗಟ್ಟಿಯಾಗಿ ಓದಿ ಮಲಗಿ.

ದುಃಖಕ್ಕೆ ಒಂದು ಅಳತೆ ಹಾಕಿಕೊಳ್ಳುವುದನ್ನು ಪ್ರಲಾಪಗಳ ಪುಸ್ತಕದಿಂದ ಕಲಿಯಬಹುದು. ಯೆರೂಸಲೇಮ್ ಸುಟ್ಟುಹೋದ ಮೇಲಿನ ಐದು ಶೋಕಗೀತೆಗಳು ಅವು. ಮೊದಲ ನಾಲ್ಕು ಹಿಬ್ರೂ ವರ್ಣಮಾಲೆಯ 22 ಅಕ್ಷರಗಳ ಕ್ರಮದಲ್ಲಿ ಸಾಗುತ್ತವೆ. ಮೂರನೆಯದರಲ್ಲಿ ಪ್ರತಿ ಅಕ್ಷರಕ್ಕೆ ಮೂರರಂತೆ 66 ವಚನ. ಅಳು ಮೊದಲ ಅಕ್ಷರದಲ್ಲಿ ತೊಡಗಿ ಕೊನೆಯದರಲ್ಲಿ ನಿಲ್ಲುತ್ತದೆ. ಯೆಹೂದ್ಯರು ಇಂದಿಗೂ ವರ್ಷಕ್ಕೊಮ್ಮೆ, ಆಬ್ ತಿಂಗಳ ಒಂಬತ್ತನೆಯ ದಿನ, ನೆಲದ ಮೇಲೋ ಕುಳ್ಳು ಪೀಠದ ಮೇಲೋ ಕೂತು ಇದನ್ನು ಓದುತ್ತಾರೆ. ನೀವೂ ದಿನಕ್ಕೆ ಒಂದು ಹೊತ್ತು, ಕಾಲು ಗಂಟೆ ಇಟ್ಟುಕೊಳ್ಳಿ. ಮುಗಿದಾಗ ಎದ್ದು ಮುಖ ತೊಳೆದು ಮುಂದಿನ ಕೆಲಸಕ್ಕೆ ಹೋಗಿ.

ಬೀಜದ ಕಾಣಿಕೆ ಕೊಡಬೇಡಿ. ಧರ್ಮೋಪದೇಶಕಾಂಡ 14 ಮತ್ತು 26ರ ಪ್ರಕಾರ ಮೂರನೆಯ ವರ್ಷದ ದಶಮಾಂಶ, ಅಂದರೆ ಬೆಳೆಯ ಹತ್ತರಲ್ಲೊಂದು ಪಾಲು, ದೇವಾಲಯದ ಸೇವೆಯ ಕುಲದವರಾದ ಲೇವಿಯರಿಗೆ, ಪರದೇಶಿಗಳಿಗೆ, ತಾಯಿತಂದೆ ಇಲ್ಲದವರಿಗೆ, ವಿಧವೆಯರಿಗೆ ಹೋಗಬೇಕು. ದುಡಿಯುವ ಕೈ ಬಿದ್ದುಹೋದ ಮನೆಯವರು ಈ ಹೊತ್ತು ಆ ಸಾಲಿನಲ್ಲಿ ನಿಂತಿರುವವರು. ಯಾರಾದರೂ ಸಹಾಯ ಕೊಟ್ಟರೆ ನಾಚಿಕೆಪಡದೆ ತೆಗೆದುಕೊಳ್ಳಿ.

ಪ್ರಾರ್ಥನಾ ಕೂಟದ ವಿಷಯದಲ್ಲಿ ನಿಮ್ಮ ಮುಂದೆ ಮೂರು ದಾರಿಗಳಿವೆ, ಮೂರರಲ್ಲೂ ತೊಂದರೆ ಇದೆ. ಈಗಿನ ಹಾಗೆಯೇ ಹೋಗುತ್ತಿದ್ದರೆ ಸಂಬಂಧ ಉಳಿಯುತ್ತದೆ, ಆದರೆ ಪ್ರತಿವಾರ ಗಾಯ ಕೆದಕಿಸಿಕೊಂಡು ಬರುತ್ತೀರಿ, ಮೇಲಾಗಿ ಯಜಮಾನರ ಮನಸ್ಸಿಗೆ ಡಯಾಲಿಸಿಸ್ ಬಿಡುವ ಯೋಚನೆ ಹೊಕ್ಕರೆ ಅದು ಪ್ರಾಣಕ್ಕೆ ಬರುತ್ತದೆ. ಪೂರ್ತಿ ಬಿಟ್ಟರೆ ಆ ಕಾಟ ತಪ್ಪುತ್ತದೆ, ಆದರೆ ಒಂಟಿಯಾಗುತ್ತೀರಿ, ಒಂಟಿತನದಲ್ಲಿ ಈ ಹೊರೆ ಇನ್ನೂ ಭಾರ. ನಾನು ಹೇಳುವುದು ಮೂರನೆಯದನ್ನು: ಭಾನುವಾರದ ಆರಾಧನೆ ಬಿಡಬೇಡಿ, ಮನೆಗೆ ಬರುವ ಗುಂಪಿಗೆ ಗೆರೆ ಹಾಕಿ. ಮೊದಲು ಸಭಾಪಾಲಕರಿಗೆ ಡಯಾಲಿಸಿಸ್ ಬಿಡಿಸುವ ಮಾತು ನಡೆದಿದೆ ಎಂದು ನೇರವಾಗಿ ತಿಳಿಸಿ. ಕೂಟದವರಿಗೆ ‘ಅಣ್ಣಾ, ಚಿಕಿತ್ಸೆ ವಿಷಯ ಡಾಕ್ಟರಿಗೆ ಬಿಡೋಣ. ಪ್ರಾರ್ಥನೆ ಮಾಡಿ. ಆದರೆ ಬುಧವಾರ ಆಸ್ಪತ್ರೆಗೆ ಇವರ ಜೊತೆ ಒಬ್ಬರು ಬಂದರೆ ನನಗೆ ಒಂದು ದಿನ ಹೊಲಿಗೆ ಆಗುತ್ತದೆ’ ಎನ್ನಿ. ಕೆಲವರು ಮುನಿಸಿಕೊಳ್ಳಬಹುದು. ಬರುವವರೂ ಇರುತ್ತಾರೆ. ಯೋಬನ ಗೆಳೆಯರೂ ಮೊದಲ ಏಳು ದಿನ ಏಳು ರಾತ್ರಿ ಮಾತಿಲ್ಲದೆ ನೆಲದ ಮೇಲೆ ಜೊತೆಗೆ ಕೂತಿದ್ದಾಗ ಒಳ್ಳೆಯವರೇ ಆಗಿದ್ದರು. ದುಃಖದಲ್ಲಿರುವವರು ತಾವಾಗಿ ಬಾಯಿ ತೆರೆಯುವವರೆಗೆ ನೋಡಲು ಹೋದವರು ಮಾತಾಡಬಾರದು ಎಂಬ ಯೆಹೂದ್ಯರ ಕಟ್ಟಳೆಗೆ ಮೂಲ ಇದೇ. 42:11ರಲ್ಲಿ ಬಂಧುಗಳು ಬಂದು ಯೋಬನ ಜೊತೆ ಊಟ ಮಾಡುತ್ತಾರೆ, ಒಬ್ಬೊಬ್ಬರೂ ಒಂದು ನಾಣ್ಯ, ಒಂದು ಚಿನ್ನದ ಉಂಗುರ ಕೊಡುತ್ತಾರೆ. ಅಂಥ ಸಹಾಯವನ್ನು ಬಾಯಿಬಿಟ್ಟು ಕೇಳುವುದರಲ್ಲಿ ತಪ್ಪಿಲ್ಲ.

‘ಸಾಕಪ್ಪಾ ಈ ಜೀವ’ ಎಂಬ ಮಾತನ್ನು ನಾನು ಹಗುರವಾಗಿ ದಾಟುವುದಿಲ್ಲ. ಯೋಬನೂ ಯೆರೆಮೀಯನೂ ಎಲೀಯನೂ ಹಾಗೆ ಹೇಳಿದ್ದಾರೆ, ದೇವರು ಅದಕ್ಕಾಗಿ ಅವರನ್ನು ತಳ್ಳಿಬಿಡಲಿಲ್ಲ. ಮರುಭೂಮಿಯಲ್ಲಿ ಗಿಡದ ಕೆಳಗೆ ಮಲಗಿ ಸಾವು ಬೇಡಿದ ಎಲೀಯನಿಗೆ ಮೊದಲು ಸಿಕ್ಕಿದ್ದು ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು, ನಿದ್ದೆ, ಮತ್ತೆ ಎಬ್ಬಿಸಿ ಇನ್ನೊಂದು ಸಲ ಊಟ. ಬುದ್ಧಿಮಾತು ಬಂದದ್ದು ಬಹಳ ದಿನದ ಮೇಲೆ. ನೀವೂ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರಾ, ನಿದ್ದೆ ಬರುತ್ತಿದೆಯೇ ನೋಡಿಕೊಳ್ಳಿ. ಆ 21 ದಿನದ ಉಪವಾಸ ನಿಮಗೂ ಈಗ ಬೇಡ. ಆ ಯೋಚನೆ ಪದೇ ಪದೇ ಬಂದರೆ, ಹೇಗೆ ಎಂಬ ಲೆಕ್ಕಾಚಾರ ಶುರುವಾದರೆ, ಆ ಹೊತ್ತಿಗೇ ನಿಮ್ಮವರೊಬ್ಬರಿಗೆ ಹೇಳಿ, ಡಾಕ್ಟರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಪುಕ್ಕಟೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಯೋಬನನ್ನು ಓದುವ ಮನಸ್ಸಿದ್ದರೆ ಒಂದು ವಾರಕ್ಕೆ ಹೀಗೆ ಹಂಚಿಕೊಳ್ಳಿ. ಮೊದಲ ದಿನ 1ರಿಂದ 3, ಎರಡನೆಯ ದಿನ 4ರಿಂದ 7, ಮೂರನೆಯ ದಿನ 8ರಿಂದ 14, ನಾಲ್ಕನೆಯ ದಿನ 15ರಿಂದ 21, ಐದನೆಯ ದಿನ 22ರಿಂದ 31, ಆರನೆಯ ದಿನ 38ರಿಂದ 41, ಏಳನೆಯ ದಿನ 42. ಗೆಳೆಯರ ನಂತರ ಮಾತಿಗೆ ಬರುವ ಯುವಕ ಎಲೀಹುವಿನ ಭಾಷಣ, ಅಂದರೆ 32ರಿಂದ 37, ಮತ್ತೊಮ್ಮೆ ಓದುವಾಗ ಸೇರಿಸಿಕೊಳ್ಳಿ. ಪ್ರತಿ ಅಧ್ಯಾಯದ ಪಕ್ಕದಲ್ಲಿ ಮಾತಾಡುತ್ತಿರುವವರು ಯಾರು ಎಂದು ಪೆನ್ಸಿಲ್‌ನಲ್ಲಿ ಬರೆದಿಡಿ, ಇದನ್ನು ಬಿಡಲೇಬೇಡಿ. ಮೊದಲು ಅಲ್ಪವಾಗಿದ್ದರೂ ಕೊನೆಗೆ ಬಹಳವಾಗಿ ಬೆಳೆಯುವೆ ಎಂಬ 8:7ರ ಮಾತು ಎಷ್ಟೋ ಕ್ಯಾಲೆಂಡರುಗಳಲ್ಲಿ ದೇವರ ವಾಗ್ದಾನವಾಗಿ ಅಚ್ಚಾಗುತ್ತದೆ. ಅದು ಬಿಲ್ದದನ ಮಾತು, ಸತ್ತ ಮಕ್ಕಳನ್ನು ಪಾಪಿಗಳೆಂದ ಮೂರೇ ವಚನದ ನಂತರ ಆಡಿದ್ದು. 42ಕ್ಕೆ ಬಂದಾಗ ‘ಎಲ್ಲವೂ ಎರಡರಷ್ಟು ಸಿಕ್ಕಿತು’ ಎಂಬುದನ್ನೂ ಎಣಿಸಿ ನೋಡಿ. ಕುರಿಗಳು 7,000ದಿಂದ 14,000, ಒಂಟೆಗಳು 3,000ದಿಂದ 6,000 ಆದವು. ಮಕ್ಕಳು ಮಾತ್ರ ಮೊದಲಿನಷ್ಟೇ, ಏಳು ಗಂಡು ಮೂರು ಹೆಣ್ಣು. ಸತ್ತ ಹತ್ತು ಜನ ಮರಳಿ ಬಂದರೆಂದು ಪುಸ್ತಕ ಎಲ್ಲೂ ಹೇಳುವುದಿಲ್ಲ.

ಮನೆಯಲ್ಲಿ ಗಟ್ಟಿಯಾಗಿ ಓದಿದರೆ ಇನ್ನೂ ಒಳ್ಳೆಯದು, ಅದು ಸಂಭಾಷಣೆಯ ರೂಪದಲ್ಲೇ ಇದೆ. ಗೆಳೆಯರ ಭಾಗ ಮಗಳು ಓದಲಿ. ಯೋಬನ ಭಾಗ ನಿಮ್ಮ ಯಜಮಾನರು ಓದಲಿ, ಅವರು ದಣಿದಲ್ಲಿಂದ ನೀವು ಮುಂದುವರಿಸಿ.